ಓದುಗರ ಪ್ರಶ್ನೆ, ನಮ್ಮ ಉತ್ತರ: ಉನ್ನತ ಶಿಕ್ಷಣದಲ್ಲಿ ಮೊಬೈಲ್ ಕಲಿಕೆ

ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ಮೊಬೈಲ್ ಮೂಲಕ ನಡೆಯುವ ಕಲಿಕೆಯ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ, ಅಧ್ಯಾಪಕರೂ ಇದ್ದಾರೆ. ಒಬ್ಬರು ಕೇಳಿದ ಪ್ರಶ್ನೆಗೆ ಇನ್ನೊಬ್ಬರ ಪತ್ರದಲ್ಲೇ ಅರ್ಧ ಉತ್ತರ ಸಿಗುವಂತಿರುವುದರಿಂದ ಎಲ್ಲವನ್ನೂ ಒಂದೇ ಕಡೆ ಓದುವುದು ಒಳ್ಳೆಯದೆನಿಸಿತು.

ಪ್ರಶ್ನೆ: ನಾನು ಪದವಿ ತರಗತಿಗಳಿಗೆ ಸಮಾಜಶಾಸ್ತ್ರ ಬೋಧಿಸುತ್ತೇನೆ. ನನ್ನ ವಿದ್ಯಾರ್ಥಿಗಳ ಕೈಯಿಂದ ಫೋನು ಕೆಳಗಿಳಿಯುವುದೇ ಇಲ್ಲ. ಅವರಿಗೆ ಅನುಕೂಲವಾಗಲೆಂದು ಈ ಸೆಮಿಸ್ಟರಿನ ಓದುಸಾಮಗ್ರಿಯನ್ನೆಲ್ಲ ಪಿಡಿಎಫ್ ಮಾಡಿ ಫೋನಿಗೇ ಕಳುಹಿಸಿದೆ, ಅಸೈನ್‌ಮೆಂಟನ್ನೂ ಫೋನಿನಲ್ಲೇ ಬರೆದು ಸಲ್ಲಿಸಲು ಹೇಳಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ಗೊಣಗಿದರು. ಕೆಲವರು ಜೆರಾಕ್ಸ್ ಪ್ರತಿ ಕೇಳಿದರು. ಇವರಿಗೆ ಮೊಬೈಲ್ ಕಲಿಕೆ ಬೇಕೋ, ಬೇಡವೋ?
— ಒಬ್ಬ ಉಪನ್ಯಾಸಕಿ

ಉತ್ತರ: ಫೋನನ್ನು ಸದಾ ಹಿಡಿದಿರುವವರು ಫೋನಿನಲ್ಲಿ ಕಲಿಯುವುದನ್ನೂ ಇಷ್ಟಪಡುತ್ತಾರೆ ಎಂದು ನಾವು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೇವೆ. 2001ರಲ್ಲಿ ಮಾರ್ಕ್ ಪ್ರೆನ್ಸ್‌ಕಿ ಅವರು ಹೊಸ ಪೀಳಿಗೆಯನ್ನು ಡಿಜಿಟಲ್ ಲೋಕದ ಮೂಲನಿವಾಸಿಗಳೆಂದೂ ಹಿರಿಯರನ್ನು ಅಲ್ಲಿಗೆ ವಲಸೆ ಬಂದವರೆಂದೂ ಕರೆದ ಮೇಲೆ ಈ ನಂಬಿಕೆಗೆ ಇನ್ನಷ್ಟು ಬಲ ಬಂತು. 2008ರಲ್ಲಿ ಸ್ಯೂ ಬೆನೆಟ್ ಮತ್ತು ಅವರ ಸಹಲೇಖಕರು ಆ ವಾದಕ್ಕಿರುವ ಆಧಾರಗಳನ್ನು ಪರಿಶೀಲಿಸಿ, ಒಂದೇ ಪೀಳಿಗೆಯವರಲ್ಲೂ ತಂತ್ರಜ್ಞಾನದ ಬಳಕೆ ಮತ್ತು ಕೌಶಲ ಬಹಳ ಬೇರೆಬೇರೆಯಾಗಿರುತ್ತವೆ ಎಂದು ತೋರಿಸಿದರು. ಗೆಳೆಯರಿಗೆ ಕ್ಷಣದಲ್ಲಿ ಸಂದೇಶ ಕಳುಹಿಸುವ ಹುಡುಗಿಗೆ ಮೂವತ್ತು ಪುಟಗಳ ಲೇಖನದಲ್ಲಿ ವಾದ ಎಲ್ಲಿ ತಿರುವು ಪಡೆಯಿತೆಂದು ಅದೇ ಪರದೆಯ ಮೇಲೆ ಹುಡುಕುವುದು ಕಷ್ಟವಾದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಮ್ಮ ವಿದ್ಯಾರ್ಥಿಗಳ ಗೊಣಗಾಟಕ್ಕೆ ಗಟ್ಟಿ ಕಾರಣವಿದೆ. ಪಿಡಿಎಫ್ ಎಂಬುದು ದೊಡ್ಡ ಕಾಗದದ ಅಳತೆಗೆ ಹೊಂದಿಸಿದ ಪುಟ. ಅದನ್ನು ಅಂಗೈ ಅಗಲದ ಪರದೆಯಲ್ಲಿ ಓದಬೇಕಾದರೆ ಹಿಗ್ಗಿಸಬೇಕು, ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಅತ್ತಿತ್ತ ಎಳೆಯಬೇಕು. ಹಿಂದಿನ ಪುಟದ ಕೋಷ್ಟಕವನ್ನು ಇನ್ನೊಮ್ಮೆ ನೋಡಿ ಮರಳುವಷ್ಟರಲ್ಲಿ ಓದುತ್ತಿದ್ದ ಜಾಗವೇ ತಪ್ಪಿಹೋಗುತ್ತದೆ. ಪರದೆ ಸ್ವಲ್ಪ ದೊಡ್ಡದಿದ್ದರೂ ತೊಡಕು ಪೂರ್ತಿ ನೀಗುವುದಿಲ್ಲ. 2018ರಲ್ಲಿ ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾಹಿತಿಪ್ರಧಾನ ಬರಹವನ್ನು ಓದಿ ಗ್ರಹಿಸುವುದರಲ್ಲಿ ಕಾಗದವೇ ಪರದೆಗಿಂತ ಮುಂದಿತ್ತು, ಸಮಯದ ಮಿತಿ ಇದ್ದಾಗ ಆ ಅಂತರ ಹೆಚ್ಚಾಗಿ ಕಾಣುತ್ತಿತ್ತು. ಕಥನರೂಪದ ಬರಹದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಜೆರಾಕ್ಸ್ ಕೇಳಿದ ವಿದ್ಯಾರ್ಥಿಗಳು ತಮ್ಮ ಓದಿನ ಬಗ್ಗೆ ಸರಿಯಾಗಿಯೇ ಯೋಚಿಸಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಜನ ಒಂದು ತಂತ್ರಜ್ಞಾನವನ್ನು ಏಕೆ ಒಪ್ಪುತ್ತಾರೆ ಎಂಬುದಕ್ಕೆ 1989ರಲ್ಲಿ ಫ್ರೆಡ್ ಡೇವಿಸ್ ಅವರು ಎರಡು ಮುಖ್ಯ ಅಂಶಗಳನ್ನು ಗುರುತಿಸಿದರು: ಅದರಿಂದ ತನ್ನ ಕೆಲಸ ಉತ್ತಮಗೊಳ್ಳುತ್ತದೆ ಎಂಬ ಅನಿಸಿಕೆ, ಅದನ್ನು ಬಳಸಲು ಹೆಚ್ಚು ಶ್ರಮ ಬೇಡ ಎಂಬ ಅನಿಸಿಕೆ. ಈ ಎರಡೂ ಫೋನಿಗೆ ಅಂಟಿಕೊಂಡ ಗುಣಗಳಲ್ಲ, ಫೋನಿನಿಂದ ಮಾಡಿಸುವ ಕೆಲಸವನ್ನು ಅವಲಂಬಿಸಿ ಬದಲಾಗುವಂಥವು. ವೇಳಾಪಟ್ಟಿ ನೋಡುವುದು, ಹಳೆಯ ಪ್ರಶ್ನೆಪತ್ರಿಕೆ ಹುಡುಕುವುದು, ಗೊತ್ತಿಲ್ಲದ ಪದದ ಅರ್ಥ ತಿಳಿಯುವುದು, ಪ್ರಯಾಣದಲ್ಲಿ ಹತ್ತು ನಿಮಿಷದ ಧ್ವನಿಪಾಠ ಕೇಳುವುದು, ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯರಲ್ಲಿ ಸಂದೇಹ ಕೇಳುವುದು, ಇವನ್ನೆಲ್ಲ ನಿಮ್ಮ ವಿದ್ಯಾರ್ಥಿಗಳು ಯಾರೂ ಹೇಳದೆಯೇ ಫೋನಿನಲ್ಲಿ ಮಾಡುತ್ತಿರುತ್ತಾರೆ. ಅಧ್ಯಾಪಕರಿಲ್ಲದ ಅವರದೇ ಗ್ರೂಪುಗಳಲ್ಲಿ ದಿನವೂ ನಡೆಯುವ ಆ ಮಾತುಕತೆಯನ್ನೂ ನಾನು ಮೊಬೈಲ್ ಕಲಿಕೆ ಎಂದೇ ಕರೆಯುತ್ತೇನೆ. ಮುಂದಿನ ಸೆಮಿಸ್ಟರಿನಲ್ಲಿ ‘ಮೊಬೈಲ್ ಬೇಕೇ’ ಎಂದು ಕೇಳುವ ಬದಲು ನಿಮ್ಮ ಪಠ್ಯದ ಕೆಲಸಗಳನ್ನು ಬಿಡಿಬಿಡಿಯಾಗಿ ಬರೆದು, ಇದರಲ್ಲಿ ಯಾವುದು ಫೋನಿನಲ್ಲಿ ಸಲೀಸು, ಯಾವುದು ಕಾಗದದಲ್ಲಿ ಆಗಬೇಕು, ಯಾವುದಕ್ಕೆ ಕಂಪ್ಯೂಟರ್ ಬೇಕು ಎಂದು ಕೇಳಿ ನೋಡಿ. ದೀರ್ಘವಾದ ಅಸೈನ್‌ಮೆಂಟನ್ನು ಹೆಬ್ಬೆರಳಿನಲ್ಲಿ ಟೈಪ್ ಮಾಡಿಸುವುದನ್ನಂತೂ ದಯವಿಟ್ಟು ಕೈಬಿಡಿ. ಬರಹವನ್ನು ತಿದ್ದಲು, ವಾಕ್ಯವನ್ನು ಹಿಂದೆ ಮುಂದೆ ಸರಿಸಲು ಕಷ್ಟವಾದಷ್ಟೂ ಮೊದಲು ಹೊಳೆದದ್ದೇ ಅಂತಿಮ ಪ್ರತಿಯಾಗಿಬಿಡುತ್ತದೆ.

ಪ್ರಶ್ನೆ: ನಮ್ಮ ಅಧ್ಯಾಪಕರೊಬ್ಬರು ತರಗತಿಗೆ ಬಂದ ಕೂಡಲೇ ಎಲ್ಲರ ಫೋನುಗಳನ್ನೂ ಮುಂದಿನ ಮೇಜಿನ ಮೇಲೆ ಇಡಿಸುತ್ತಾರೆ. ಅವರೇ ರಾತ್ರಿ ಗ್ರೂಪಿನಲ್ಲಿ ನೋಟ್ಸ್ ಹಾಕಿ, ಬೆಳಗ್ಗೆ ‘ನೋಡಲಿಲ್ಲವೇ’ ಎಂದು ಗದರುತ್ತಾರೆ. ಹಗಲಿನಲ್ಲಿ ಕೆಟ್ಟದ್ದಾದ ಫೋನು ರಾತ್ರಿ ಒಳ್ಳೆಯದಾಗುವುದು ಹೇಗೆ? ಅವರಿಗೆ ನಮ್ಮ ಮೇಲೆ ನಂಬಿಕೆ ಇಲ್ಲ ಎನಿಸುತ್ತದೆ.
— ಸ್ನಾತಕೋತ್ತರ ವಿದ್ಯಾರ್ಥಿ

ಉತ್ತರ: ನಿಮಗೆ ನೋವಾಗಿರುವುದು ಅರ್ಥವಾಗುತ್ತದೆ. ರಾತ್ರಿ ಕಳುಹಿಸಿದ್ದನ್ನು ಬೆಳಗಾಗುವುದರೊಳಗೆ ನೋಡಿರಲೇಬೇಕು ಎಂಬ ನಿರೀಕ್ಷೆ ಸರಿಯಲ್ಲ. ಆದರೆ ತರಗತಿಯಲ್ಲಿ ಫೋನು ದೂರವಿರಿಸುವುದನ್ನು ಅಪನಂಬಿಕೆ ಎಂದು ತೀರ್ಮಾನಿಸುವ ಮೊದಲು, ಪಾಠ ಮಾಡುವವರಿಗೆ ಅಲ್ಲಿಂದ ಏನು ಕಾಣುತ್ತದೆ ಎಂಬುದನ್ನು ಸ್ವಲ್ಪ ಊಹಿಸಿಕೊಳ್ಳಿ. ವಿದ್ಯಾರ್ಥಿ ಪುಸ್ತಕ ತೆರೆದರೆ ಓದುತ್ತಿದ್ದಾನೆ ಎಂದು ಗೊತ್ತಾಗುತ್ತದೆ. ಫೋನು ತೆರೆದರೆ ಪದದ ಅರ್ಥ ನೋಡುತ್ತಿದ್ದಾನೋ, ಆಟದ ಸ್ಕೋರು ನೋಡುತ್ತಿದ್ದಾನೋ ತಿಳಿಯುವುದಿಲ್ಲ. ಎರಡರಲ್ಲೂ ಮುಖ ತಗ್ಗಿರುತ್ತದೆ. ಅರವತ್ತು ಮುಖಗಳಲ್ಲಿ ನಲವತ್ತು ತಗ್ಗಿದ್ದಾಗ ತಾನು ಹೇಳಿದ್ದು ತಲುಪಿತೋ ಇಲ್ಲವೋ ಎಂದು ಅಳೆಯಲು ಅಧ್ಯಾಪಕರಿಗೆ ಯಾವ ದಾರಿಯೂ ಉಳಿಯುವುದಿಲ್ಲ. ಹಲವು ವರ್ಷ ಪಾಠ ಮಾಡಿದವನಾಗಿ ಹೇಳುತ್ತೇನೆ, ಆ ಹೊತ್ತಿನ ಒಂಟಿತನ ನಿಜವಾದದ್ದು.

ಅವರ ಆತಂಕಕ್ಕೆ ಸಂಶೋಧನೆಯ ಬೆಂಬಲವೂ ಇದೆ. 2013ರಲ್ಲಿ ಫರಿಯಾ ಸನಾ ಮತ್ತು ಸಂಗಡಿಗರು ನಡೆಸಿದ ಪ್ರಯೋಗದಲ್ಲಿ, ಉಪನ್ಯಾಸದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರ ಅಂಕ ಕಡಿಮೆಯಾಯಿತು. ಅಷ್ಟೇ ಅಲ್ಲದೆ ಅವರ ಪರದೆ ಕಣ್ಣಿಗೆ ಬೀಳುವಂತೆ ಹಿಂದೆ ಕುಳಿತವರ ಅಂಕವೂ ಕಡಿಮೆಯಾಯಿತು. ಈ ಎರಡನೆಯ ಸಂಗತಿಯೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಏಕೆಂದರೆ ‘ನನ್ನ ಫೋನು, ನನ್ನ ನಷ್ಟ’ ಎಂಬ ಸಮಜಾಯಿಷಿಗೆ ಅದು ಜಾಗ ಉಳಿಸುವುದಿಲ್ಲ. 2017ರಲ್ಲಿ ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ಸದ್ದಡಗಿಸಿದ ಫೋನು ಮೇಜಿನ ಮೇಲೆ ಸುಮ್ಮನೆ ಇದ್ದರೂ ಯೋಚಿಸಲು ಸಿಗುವ ಮನಸ್ಸಿನ ಸಾಮರ್ಥ್ಯ ತಗ್ಗುತ್ತದೆ ಎಂದು ಹೇಳಿದ್ದರು. ಆಮೇಲೆ ಅದನ್ನು ಮರುಪರೀಕ್ಷಿಸಿದ ಕೆಲವರಿಗೆ ಅಂಥ ಪರಿಣಾಮ ಕಾಣಲಿಲ್ಲವಾದ್ದರಿಂದ ಅದರ ಮೇಲೆ ಮಾತ್ರ ನಿಯಮ ಕಟ್ಟುವುದು ತರವಲ್ಲ. ಶಾಲಾಕಾಲೇಜುಗಳ ನೀತಿ ರೂಪಿಸುವವರ ನಿಲುವೂ ಕಾಲಕಾಲಕ್ಕೆ ಮಾರ್ಪಟ್ಟಿದೆ. ಮೊಬೈಲ್ ಕಲಿಕೆಯ ಕುರಿತ 2013ರ ಮಾರ್ಗಸೂಚಿಯಲ್ಲಿ ಯುನೆಸ್ಕೊ ಸಂಸ್ಥೆ ಸಾರಾಸಗಟು ನಿಷೇಧ ಬೇಡ ಎಂದಿತ್ತು. ಅದರ 2023ರ ಜಾಗತಿಕ ಶಿಕ್ಷಣ ವರದಿಯಲ್ಲಿ, ಕಲಿಕೆಗೆ ನೆರವಾಗುವ ಕಡೆ ಮಾತ್ರ ತಂತ್ರಜ್ಞಾನವಿರಲಿ ಎಂಬ ಎಚ್ಚರಿಕೆಯ ದನಿ ಹೆಚ್ಚು ಕೇಳಿಸುತ್ತದೆ.

ನೀವು ಮಾಡಬಹುದಾದದ್ದು ಇದು: ನಾಲ್ಕೈದು ಮಂದಿ ಒಟ್ಟಾಗಿ ಹೋಗಿ ಆ ಅಧ್ಯಾಪಕರನ್ನು ಬಿಡುವಿನ ವೇಳೆಯಲ್ಲಿ ಕಂಡು, ‘ಸರ್, ವಿವರಣೆ ನಡೆಯುವಾಗ ಫೋನು ಚೀಲದಲ್ಲಿರಲಿ, ಉದಾಹರಣೆ ಬಿಡಿಸುವ ಹತ್ತು ನಿಮಿಷ ಮಾತ್ರ ತೆಗೆಯಲು ಅವಕಾಶ ಕೊಡಿ, ಗ್ರೂಪಿನಲ್ಲಿ ಹಾಕಿದ್ದನ್ನು ಓದಲು ಒಂದು ದಿನದ ಸಮಯ ಕೊಡಿ’ ಎಂದು ಕೇಳಿ. ಗ್ರೂಪಿನ ಕಾರಣದಿಂದ ಅವರ ರಾತ್ರಿಯೂ ಕಾಲೇಜಿನ ಸಮಯವಾಗಿಬಿಟ್ಟಿದೆ ಎಂಬುದನ್ನು ಮರೆಯಬೇಡಿ. ಹನ್ನೊಂದು ಗಂಟೆಗೆ ಬಂದ ವಿದ್ಯಾರ್ಥಿಯ ಸಂದೇಹಕ್ಕೆ ಉತ್ತರಿಸದಿದ್ದರೆ ನಿರ್ಲಕ್ಷ್ಯವೆಂಬ ಮಾತು ಬರುತ್ತದೆ, ಉತ್ತರಿಸಿದ ಶ್ರಮ ಯಾವ ಕಾರ್ಯಭಾರದ ಲೆಕ್ಕಕ್ಕೂ ಸೇರುವುದಿಲ್ಲ. ಫೋನಿನ ಬಗ್ಗೆ ಅಧ್ಯಾಪಕರಿಗಿರುವ ಬೇಸರದಲ್ಲಿ ಇದರ ಪಾಲು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು.

ಪ್ರಶ್ನೆ: ಬೋರ್ಡಿನ ಮೇಲೆ ಬರೆದದ್ದನ್ನು ಫೋಟೊ ತೆಗೆದುಕೊಂಡರೆ ನೋಟ್ಸ್ ಬರೆಯುವ ಅಗತ್ಯವಿದೆಯೇ?
— ಪ್ರಥಮ ವರ್ಷದ ವಿದ್ಯಾರ್ಥಿನಿ

ಉತ್ತರ: ಇದೆ. ಬರೆಯುವಾಗ ಯಾವುದು ಮುಖ್ಯ ಎಂದು ನೀವು ಆರಿಸುತ್ತೀರಿ, ನಿಮ್ಮ ಮಾತಿನಲ್ಲಿ ಅದನ್ನು ಮೊಟಕುಗೊಳಿಸುತ್ತೀರಿ. ಫೋಟೊ ತೆಗೆಯುವಾಗ ಆ ಕೆಲಸ ನಡೆಯುವುದಿಲ್ಲ. ದೊಡ್ಡ ಚಿತ್ರ, ಕೋಷ್ಟಕ, ಉದ್ದನೆಯ ಸಮೀಕರಣಗಳಿಗೆ ಫೋಟೊ ಒಳ್ಳೆಯದು, ಅಧ್ಯಾಪಕರ ಅನುಮತಿ ಪಡೆದು ತೆಗೆಯಿರಿ. ಅದೇ ದಿನ ಸಂಜೆ ಆ ಫೋಟೊ ನೋಡಿ ನೋಟ್ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ. ಇಲ್ಲವಾದರೆ ಅದು ಗ್ಯಾಲರಿಯಲ್ಲಿ ನೂರಾರು ಫೋಟೊಗಳ ಅಡಿಯಲ್ಲಿ ಹೂತುಹೋಗುತ್ತದೆ.

ಪ್ರಶ್ನೆ: ಮೊಬೈಲ್ ಕಲಿಕೆಯ ಬಗ್ಗೆ ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ಮನೋಭಾವವನ್ನು ಹೋಲಿಸಿ ಪ್ರಬಂಧ ಬರೆಯುತ್ತಿದ್ದೇನೆ. ಐದು ಹಂತದ (‘ಪೂರ್ತಿ ಒಪ್ಪುತ್ತೇನೆ’ ಎಂಬುದರಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬವರೆಗಿನ) ಪ್ರಶ್ನಾವಳಿಯನ್ನು ಫೋನಿನ ಮೂಲಕವೇ ಹಂಚಿದೆ. ಎರಡೂ ಗುಂಪಿನವರು ಬಹುತೇಕ ಎಲ್ಲ ಹೇಳಿಕೆಗಳಿಗೂ ‘ಒಪ್ಪುತ್ತೇನೆ’ ಎಂದಿದ್ದಾರೆ. ಇಬ್ಬರಿಗೂ ಅನುಕೂಲಕರ ಮನೋಭಾವವಿದೆ ಎಂದು ತೀರ್ಮಾನಿಸಬಹುದೇ?
— ಸಂಶೋಧನಾ ವಿದ್ಯಾರ್ಥಿ

ಉತ್ತರ: ಅವಸರ ಬೇಡ. 1932ರಲ್ಲಿ ರೆನ್ಸಿಸ್ ಲೈಕರ್ಟ್ ಅವರು ರೂಪಿಸಿದ ಈ ವಿಧಾನ ಸರಳವಾಗಿ ಕಾಣುತ್ತದೆ, ಆದರೆ ಹೇಳಿಕೆಗಳು ಸಡಿಲವಾಗಿದ್ದರೆ ಅದರಿಂದ ಬರುವ ಉತ್ತರವೂ ಸಡಿಲವಾಗಿಯೇ ಇರುತ್ತದೆ. ‘ಮೊಬೈಲ್ ಕಲಿಕೆ ಉಪಯುಕ್ತ’ ಎಂಬ ಹೇಳಿಕೆಗೆ ಯಾರಾದರೂ ಇಲ್ಲವೆಂದು ಗುರುತು ಹಾಕುವುದೇ ಅಪರೂಪ. ಅದನ್ನು ಓದುವಾಗ ವಿದ್ಯಾರ್ಥಿಯ ಮನಸ್ಸಿನಲ್ಲಿ ಗೆಳೆಯರ ಗ್ರೂಪು ಇರಬಹುದು, ಅಧ್ಯಾಪಕರ ಮನಸ್ಸಿನಲ್ಲಿ ಹಾಜರಾತಿಯ ಆ್ಯಪ್ ಇರಬಹುದು. ಇಬ್ಬರೂ ಬೇರೆಬೇರೆ ವಸ್ತುಗಳಿಗೆ ಒಪ್ಪಿಗೆ ಕೊಟ್ಟಿದ್ದನ್ನು ಒಂದೇ ಕೋಷ್ಟಕದಲ್ಲಿ ಕೂಡಿಸಿದರೆ ಒಮ್ಮತವಿದೆ ಎಂಬ ಭ್ರಮೆ ಹುಟ್ಟುತ್ತದೆ. ಮೊಬೈಲ್ ಕಲಿಕೆ ಎಂದರೆ ಏನೆಂಬುದೂ ಈ ಕ್ಷೇತ್ರದಲ್ಲಿ ಒಂದೇ ರೀತಿ ಉಳಿದಿಲ್ಲ. ಆರಂಭದಲ್ಲಿ ಕೈಯಲ್ಲಿ ಒಯ್ಯುವ ಸಾಧನದ ಮೂಲಕ ಕಲಿಯುವುದು ಎಂಬಷ್ಟೇ ಅರ್ಥವಿತ್ತು. ಮೈಕ್ ಶಾರ್ಪಲ್ಸ್ ಮೊದಲಾದವರು ಒತ್ತನ್ನು ಸಾಧನದಿಂದ ಕಲಿಯುವವರ ಕಡೆಗೆ ತಿರುಗಿಸಿ, ಜಾಗದಿಂದ ಜಾಗಕ್ಕೆ, ಒಂದು ಸನ್ನಿವೇಶದಿಂದ ಇನ್ನೊಂದಕ್ಕೆ ಸಾಗುತ್ತಲೇ ಕಲಿಯುವವರ ಚಲನೆಗೆ ಮಹತ್ವ ಕೊಟ್ಟರು. ನಿಮ್ಮ ಪ್ರಶ್ನಾವಳಿಯಲ್ಲಿ ಯಾವ ಅರ್ಥ ಹಿಡಿದಿದ್ದೀರಿ ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕು.

ನೀವು ಯಾರಿಂದ ಉತ್ತರ ಪಡೆದಿರಿ ಎಂಬುದರಲ್ಲೂ ಒಂದು ತೊಡಕಿದೆ. ಫೋನಿನ ಮೂಲಕ ಬಂದ ಪ್ರಶ್ನಾವಳಿಯನ್ನು ಫೋನಿನಲ್ಲೇ ತುಂಬಿದವರು ಆ ಮಟ್ಟಿಗೆ ಫೋನಿನೊಂದಿಗೆ ಹೊಂದಿಕೊಂಡವರೇ. ಡೇಟಾ ಮುಗಿದವರು, ಬೇಸತ್ತು ಪಕ್ಕಕ್ಕೆ ಸರಿಸಿದವರು, ಇಂಥ ಪ್ರಶ್ನಾವಳಿ ಬಂದಾಗಲೆಲ್ಲ ಕಂಡೂ ಕಾಣದಂತೆ ಇರುವವರು ನಿಮ್ಮ ಲೆಕ್ಕದಲ್ಲೇ ಇಲ್ಲ. ಅವರಿಗೆ ಕಾಗದದ ಪ್ರತಿ ತಲುಪಿಸಿ. ಪ್ರಶ್ನಾವಳಿಯನ್ನು ವಿದ್ಯಾರ್ಥಿಗಳಿಗೆ ಅವರದೇ ಅಧ್ಯಾಪಕರ ಕೈಯಿಂದ ಹಂಚಿಸಿದ್ದರೆ ಅದನ್ನೂ ಪ್ರಬಂಧದಲ್ಲಿ ಹೇಳಿ, ಅಂಕ ಕೊಡುವವರ ಮುಂದೆ ಒಪ್ಪಿಗೆ ಬೇಗ ಬರುತ್ತದೆ.

ಸಿದ್ಧಾಂತದ ಚೌಕಟ್ಟಿಗೆ, ಮೊದಲ ಉತ್ತರದಲ್ಲಿ ಹೇಳಿದ ಡೇವಿಸ್ ಅವರ ಎರಡು ಅಂಶಗಳ ಮಾದರಿಯೊಂದೇ ಸಾಲದು. 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಹಿಂದಿನ ಹಲವು ಮಾದರಿಗಳನ್ನು ಕೂಡಿಸಿ ಕಟ್ಟಿದ ಮಾದರಿಯಲ್ಲಿ ನಾಲ್ಕು ಅಂಶಗಳಿವೆ: ಫಲದ ನಿರೀಕ್ಷೆ, ಶ್ರಮದ ನಿರೀಕ್ಷೆ, ಸುತ್ತಲಿನವರ ಪ್ರಭಾವ, ಸೌಕರ್ಯಗಳ ಲಭ್ಯತೆ. ಇವುಗಳ ಪರಿಣಾಮ ವಯಸ್ಸು, ಲಿಂಗ, ಅನುಭವಗಳ ಜೊತೆಗೆ, ಬಳಕೆ ಸ್ವಇಚ್ಛೆಯದೋ ಕಡ್ಡಾಯವೋ ಎಂಬುದರಿಂದಲೂ ಬದಲಾಗುತ್ತದೆ ಎಂದು ಅವರು ಹೇಳಿದರು. ಹೋಲಿಕೆಗೆ ಈ ಕೊನೆಯ ಅಂಶವನ್ನು ಬಿಡಬೇಡಿ. ಒಂದು ಕಾಲೇಜಿನಲ್ಲಿ ಆಡಳಿತದ ಆದೇಶದಂತೆ ಆ್ಯಪ್ ಬಳಸುವ ಅಧ್ಯಾಪಕರನ್ನೂ ತಾವಾಗಿಯೇ ಬಳಸುವ ವಿದ್ಯಾರ್ಥಿಗಳನ್ನೂ ಎದುರುಬದುರು ಇಟ್ಟು, ವಿದ್ಯಾರ್ಥಿಗಳಿಗಿಂತ ಅಧ್ಯಾಪಕರ ಮನೋಭಾವ ಕೆಳಮಟ್ಟದ್ದು ಎಂದು ಬರೆದರೆ ಅನ್ಯಾಯವಾಗುತ್ತದೆ.

ಇನ್ನೊಂದು ಮಾತು. ಇಷ್ಟವಾಯಿತು ಎಂಬ ಉತ್ತರವನ್ನು ಕಲಿತರು ಎಂದು ಓದಬೇಡಿ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೊರಿಯೆ ಮತ್ತು ಸಂಗಡಿಗರು ಮಾಡಿದ ಪ್ರಯೋಗದಲ್ಲಿ, ತಾವೇ ತೊಡಗಿ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದರು, ಆದರೆ ತಾವು ಕಡಿಮೆ ಕಲಿತೆವೆಂದು ಭಾವಿಸಿದರು. ಸೊಗಸಾದ ಉಪನ್ಯಾಸ ಕೇಳಿದವರ ಭಾವನೆ ಇದಕ್ಕೆ ತದ್ವಿರುದ್ಧವಾಗಿತ್ತು. ಆ ಪ್ರಯೋಗ ಮೊಬೈಲಿಗೆ ಸಂಬಂಧಿಸಿದ್ದಲ್ಲ, ಆದರೂ ಮನೋಭಾವ ಅಳೆಯುವ ಪ್ರತಿಯೊಬ್ಬರೂ ಅದನ್ನು ಓದಬೇಕು. ಸಾಧ್ಯವಿದ್ದರೆ ಪ್ರಶ್ನಾವಳಿಯ ಜೊತೆಗೆ ಒಂದು ವಾರದ ಬಳಕೆಯ ದಿನಚರಿ ಬರೆಸಿ, ಪ್ರತಿ ಗುಂಪಿನಿಂದ ಹತ್ತು ಮಂದಿಯನ್ನಾದರೂ ಮಾತಾಡಿಸಿ. ‘ಕಳೆದ ವಾರ ಪಾಠಕ್ಕಾಗಿ ಫೋನು ತೆಗೆದ ಒಂದು ಸಂದರ್ಭ ಹೇಳಿ’ ಎಂಬ ಒಂದು ಪ್ರಶ್ನೆಯಿಂದ ಇಪ್ಪತ್ತು ಹೇಳಿಕೆಗಳಿಗಿಂತ ಹೆಚ್ಚು ತಿಳಿಯುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂವರಿಗೆ ಒಂದೇ ಸ್ಮಾರ್ಟ್‌ಫೋನು ಇದೆ. ನನ್ನ ಸರದಿ ಬರುವಾಗ ರಾತ್ರಿಯಾಗಿರುತ್ತದೆ. ಕಿರುಪರೀಕ್ಷೆಗಳನ್ನು ಸಂಜೆ ಆರರಿಂದ ಏಳರವರೆಗೆ ಮಾತ್ರ ತೆರೆದಿಡುತ್ತಾರೆ. ನನಗೆ ಆಸಕ್ತಿಯಿಲ್ಲ ಎಂದು ತಿಳಿದುಕೊಂಡಿದ್ದಾರೆ. ಏನು ಮಾಡಲಿ?
— ಪದವಿ ವಿದ್ಯಾರ್ಥಿನಿ

ಉತ್ತರ: ತಾಯಿ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ನಾಚಿಕೆಪಡದೆ ಇದನ್ನು ಹೀಗೆಯೇ ಬರೆದು ವಿಭಾಗದ ಮುಖ್ಯಸ್ಥರಿಗೆ ಕೊಡಿ. ಮಹಾಸಾಂಕ್ರಾಮಿಕದ ಕಾರಣ 2020ರಲ್ಲಿ ಜಗತ್ತಿನ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಶಾಲೆ ಕಾಲೇಜುಗಳು ಮುಚ್ಚಿದಾಗ, ಸಾಧನವಿಲ್ಲದವರೂ ಸಾಧನವನ್ನು ಹಂಚಿಕೊಳ್ಳಬೇಕಾದವರೂ ಎಷ್ಟು ಹಿಂದೆ ಉಳಿಯುತ್ತಾರೆ ಎಂಬುದನ್ನು ಎಲ್ಲರೂ ಕಂಡೆವು. ಕಾಲೇಜು ತೆರೆದ ಮೇಲೆ ಅದನ್ನು ಬೇಗ ಮರೆತದ್ದು ನಮ್ಮಂಥವರ ತಪ್ಪು. ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ: ಕಿರುಪರೀಕ್ಷೆಯನ್ನು ಒಂದು ತಾಸಿನ ಬದಲು ಎರಡು ದಿನ ತೆರೆದಿಡಿ, ಗ್ರಂಥಾಲಯದ ಕಂಪ್ಯೂಟರಿನಲ್ಲೂ ಅದು ತೆರೆಯುವಂತೆ ನೋಡಿಕೊಳ್ಳಿ, ದೊಡ್ಡ ವಿಡಿಯೊ ಕಳುಹಿಸುವಾಗ ಅದರ ಧ್ವನಿಯನ್ನು ಮಾತ್ರ ಬೇರೆಯಾಗಿ ಕೊಡಿ. ಸಲ್ಲಿಸದವರನ್ನು ಸೋಮಾರಿ ಎನ್ನುವ ಮೊದಲು ಒಂದು ಸಲ ಏಕಾಂತದಲ್ಲಿ ವಿಚಾರಿಸಿ.

ಪ್ರಶ್ನೆ: ಇಪ್ಪತ್ತೆಂಟು ವರ್ಷಗಳಿಂದ ರಸಾಯನಶಾಸ್ತ್ರ ಬೋಧಿಸುತ್ತಿದ್ದೇನೆ. ಈಗ ಎಲ್ಲರೂ ಆ್ಯಪ್ ಮೂಲಕ ಪಾಠ ಮಾಡಬೇಕೆಂದು ಆಡಳಿತ ಮಂಡಳಿ ಹೇಳುತ್ತಿದೆ. ತರಬೇತಿಯಲ್ಲಿ ಯಾವ ಗುಂಡಿ ಒತ್ತಬೇಕೆಂದು ಹೇಳಿದರು, ಪಾಠದ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಹಿಂಜರಿದರೆ ಕಿರಿಯ ಸಹೋದ್ಯೋಗಿಗಳು ವಯಸ್ಸಿನ ಕಾರಣ ಎನ್ನುತ್ತಾರೆ. ನನ್ನ ಹಿಂಜರಿಕೆ ತಪ್ಪೇ?
— ಒಬ್ಬ ಪ್ರಾಧ್ಯಾಪಕರು

ಉತ್ತರ: ತಪ್ಪಲ್ಲ ಸರ್. ‘ಇದರಿಂದ ನನ್ನ ಪಾಠಕ್ಕೆ ಏನು ಲಾಭ’ ಎಂದು ಕೇಳುವವರು ತಂತ್ರಜ್ಞಾನದ ವಿರೋಧಿಗಳಲ್ಲ. ಪಾಠವನ್ನು ಗಂಭೀರವಾಗಿ ತೆಗೆದುಕೊಂಡವರು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. 1983ರಲ್ಲಿ ರಿಚರ್ಡ್ ಕ್ಲಾರ್ಕ್ ಅವರು ಮಾಧ್ಯಮವನ್ನು ದಿನಸಿ ತರುವ ಲಾರಿಗೆ ಹೋಲಿಸಿದರು. ಪೋಷಣೆ ಬರುವುದು ದಿನಸಿಯಿಂದ, ಲಾರಿಯಿಂದ ಅಲ್ಲ ಎಂಬುದು ಅವರ ವಾದದ ತಿರುಳು. ಅದನ್ನು ಒಪ್ಪದವರೂ ಇದ್ದಾರೆ, ಕೆಲವು ದಿನಸಿ ಕೆಲವು ವಾಹನಗಳಲ್ಲಿ ಮಾತ್ರ ಸಾಗೀತು ಎಂದು ನನಗೂ ಅನಿಸುತ್ತದೆ. ಅಣುವಿನ ಮೂರು ಆಯಾಮದ ರಚನೆಯನ್ನು ವಿದ್ಯಾರ್ಥಿ ತನ್ನ ಬೆರಳಿನಿಂದ ತಿರುಗಿಸಿ ನೋಡುವುದು ಸೀಮೆಸುಣ್ಣದಿಂದ ಸಾಧ್ಯವಾಗುವಂಥದ್ದಲ್ಲ, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ತರಬೇತಿಯಲ್ಲಿ ಬಿಟ್ಟುಹೋದದ್ದನ್ನು 2006ರಲ್ಲೇ ಪುನ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಲರ್ ಸ್ಪಷ್ಟವಾಗಿ ಹೇಳಿದ್ದರು. ವಿಷಯದ ಜ್ಞಾನ, ಬೋಧನೆಯ ಜ್ಞಾನ, ತಂತ್ರಜ್ಞಾನದ ಜ್ಞಾನ, ಈ ಮೂರೂ ಸೇರುವ ಜಾಗದಲ್ಲಿ ಒಳ್ಳೆಯ ಪಾಠ ಹುಟ್ಟುತ್ತದೆ ಎಂಬುದು ಅವರ ನಿಲುವು. ಮೂರರಲ್ಲಿ ಎರಡು ನಿಮ್ಮಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಪಳಗಿವೆ, ಮೂರನೆಯದು ನಿಮ್ಮ ಕಿರಿಯ ಸಹೋದ್ಯೋಗಿಗಳಲ್ಲಿದೆ. ಅವರಲ್ಲಿ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು ಒಂದೇ ಒಂದು ಅಧ್ಯಾಯವನ್ನು ಇಬ್ಬರೂ ಸೇರಿ ಸಿದ್ಧಪಡಿಸಿ ಎಂದು ಸೂಚಿಸುತ್ತೇನೆ.

ಎಲ್ಲಿಂದ ಆರಂಭಿಸುವುದೆಂದು ಕೇಳಿದರೆ, ಚಿಕ್ಕ ಕಿರುಪರೀಕ್ಷೆಯಿಂದ ಎನ್ನುತ್ತೇನೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ನಡೆಸಿದ ಪ್ರಯೋಗಗಳಲ್ಲಿ, ಓದಿ ಐದು ನಿಮಿಷವಾದಾಗ ಪರೀಕ್ಷಿಸಿದರೆ ಮತ್ತೆ ಮತ್ತೆ ಓದಿದವರು ಮುಂದಿದ್ದರು. ಎರಡು ದಿನ, ಒಂದು ವಾರ ಕಳೆದು ಪರೀಕ್ಷಿಸಿದಾಗ, ಪಠ್ಯ ಮುಚ್ಚಿಟ್ಟು ನೆನಪಿನಿಂದ ಬರೆದವರಲ್ಲಿ ಹೆಚ್ಚು ಉಳಿದಿತ್ತು. ಫೋನು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪಾಠ ಮುಗಿದ ಮೂರನೆಯ ದಿನ ಐದು ಪ್ರಶ್ನೆ, ಹತ್ತನೆಯ ದಿನ ಅದೇ ಅಧ್ಯಾಯದಿಂದ ಇನ್ನೈದು ಪ್ರಶ್ನೆ ಕಳುಹಿಸಿ. ಅಂಕ ಇಡಬೇಡಿ, ಉತ್ತರ ತಪ್ಪಾದರೆ ಏಕೆ ತಪ್ಪೆಂದು ಎರಡು ಸಾಲು ಬರೆದಿಡಿ. ಮರುದಿನ ತರಗತಿಗೆ ಹೋಗುವ ಮೊದಲು, ಹೆಚ್ಚು ಮಂದಿ ಯಾವ ಪ್ರಶ್ನೆಯಲ್ಲಿ ಎಡವಿದ್ದಾರೆ ಎಂದು ನೋಡಿ ಪಾಠವನ್ನು ಅಲ್ಲಿಂದಲೇ ಶುರುಮಾಡಿ. ತಗ್ಗಿದ ಮುಖಗಳಿಂದ ತಿಳಿಯದೆ ಹೋಗುತ್ತಿದ್ದದ್ದು ಆಗ ನಿಮಗೆ ತಿಳಿಯುತ್ತದೆ, ತಮ್ಮ ಉತ್ತರವನ್ನು ಯಾರೋ ನೋಡಿದ್ದಾರೆಂದು ವಿದ್ಯಾರ್ಥಿಗಳಿಗೂ ಗೊತ್ತಾಗುತ್ತದೆ. ಒಂದು ಸೆಮಿಸ್ಟರ್ ಹೀಗೆ ನಡೆಸಿ ಮತ್ತೆ ಬರೆಯಿರಿ. ಆಡಳಿತ ಮಂಡಳಿಯ ಮುಂದೆ ಇಡಲು ಆಗ ನಿಮ್ಮದೇ ತರಗತಿಯ ಉದಾಹರಣೆಗಳು ನಿಮ್ಮ ಕೈಯಲ್ಲಿರುತ್ತವೆ.